ಟೀವಿ ಆರಿಸಿದ ಮೇಲಿನ ಪಾಠ

ಕರ್ನಾಟಕದಲ್ಲಿ ಟೀವಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ನಮ್ಮ ಕಡೆಯ ಹಳ್ಳಿಗಳಿಗೆ. ತರಗತಿಯಲ್ಲಿ ಈ ಮಾತು ಹೇಳಿದರೆ ಮಕ್ಕಳು ನಗುತ್ತಾರೆ. ರಾಯಚೂರು ಜಿಲ್ಲೆಗೆ ಯಾವುದಾದರೂ ಎಲ್ಲರಿಗಿಂತ ಮೊದಲು ಬಂದೀತು ಎಂಬುದನ್ನೇ ಅವರು ನಂಬುವುದಿಲ್ಲ. ಫಲಿತಾಂಶದ ಪಟ್ಟಿ ಇರಲಿ, ಅಭಿವೃದ್ಧಿಯ ಪಟ್ಟಿ ಇರಲಿ, ತಮ್ಮ ಜಿಲ್ಲೆಯನ್ನು ಕೆಳಗಿನಿಂದ ಹುಡುಕುವುದು ಅವರಿಗೆ ರೂಢಿಯಾಗಿಬಿಟ್ಟಿದೆ. ಆದರೆ ಮಾತು ನಿಜ. 1975ರ ಆಗಸ್ಟ್ 1ರಂದು ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಉಪಗ್ರಹದಿಂದ ನೇರವಾಗಿ ಇಳಿಯುವ ಟೀವಿ ಕಾರ್ಯಕ್ರಮಗಳು ಶುರುವಾದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಆರು ವರ್ಷ ಮೂರು ತಿಂಗಳು ನಾವೇ ಮುಂದಿದ್ದೆವು.

ನಾನು ಬಳಗಾನೂರಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವವನು. ನನ್ನ ಮುಂದೆ ಕೂಡುವವರನ್ನು ಈಗ ಎಲ್ಲರೂ ‘ಡಿಜಿಟಲ್ ಪೀಳಿಗೆ’ ಎನ್ನುತ್ತಾರೆ. ತರಬೇತಿಗಳಿಗೆ ಹೋದಾಗಲೆಲ್ಲ ಈ ಮಾತು ಕೇಳುತ್ತೇನೆ: ಇವರು ತಂತ್ರಜ್ಞಾನದ ಜೊತೆಗೇ ಹುಟ್ಟಿದವರು, ನಾವು ವಲಸೆ ಬಂದವರು, ಇವರ ವೇಗಕ್ಕೆ ನಾವು ಹೊಂದಿಕೊಳ್ಳಬೇಕು. ಈ ಮೂಲನಿವಾಸಿ–ವಲಸಿಗ ಎಂಬ ಜೋಡಿಯನ್ನು 2001ರಲ್ಲಿ ಚಾಲ್ತಿಗೆ ತಂದವರು ಅಮೆರಿಕದ ಮಾರ್ಕ್ ಪ್ರೆನ್‌ಸ್ಕಿ. ನಮ್ಮ ಕಡೆ ವಲಸೆ ಎಂದರೆ ಬೇರೆಯೇ ಅರ್ಥ. ಸುಗ್ಗಿ ಮುಗಿದ ಮೇಲೆ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುವುದು. ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿ ಅದೇ ಬಸ್ಸಿನಲ್ಲಿ ಹೋಗುತ್ತದೆ. ಇತ್ತ ಮೂಲನಿವಾಸಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ.

‘ಹಿಂದೆಂದೂ ಇಲ್ಲದ’ ಎಂಬ ಮಾತು ಕೇಳಿದರೆ ಇತಿಹಾಸದ ಮೇಷ್ಟ್ರಿಗೆ ಅನುಮಾನ ಹುಟ್ಟಬೇಕು. ಹೊಸ ಸಾಧನವೊಂದು ನಮ್ಮ ಶಾಲೆಗೆ ಬರುವುದು ಇದೇ ಮೊದಲಲ್ಲ. ಹಿಂದೆ ಬಂದಾಗ ಏನಾಯಿತು ಎಂದು ನೋಡಿದರೆ ಈಗಿನದರ ಗಾತ್ರ ಸ್ವಲ್ಪ ತಿಳಿದೀತು.

ತುಂಗಭದ್ರೆಯ ಆಚೆ ದಡದಿಂದಲೇ ಶುರುಮಾಡೋಣ. ನಾವು ನಿಜಾಮನ ಸೀಮೆ, ಅವರು ಮದರಾಸಿನ ಸೀಮೆ. ಅಲ್ಲಿ ಗವರ್ನರನಾಗಿದ್ದ ಥಾಮಸ್ ಮನ್ರೊ 1822ರಲ್ಲಿ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕೊಟ್ಟ ಉತ್ತರ ಇಂದಿಗೂ ಓದುವ ಹಾಗಿದೆ. ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆಗಳು 235, ತೆಲುಗು 226, ಇಂಗ್ಲಿಷ್ ಒಂದೇ ಒಂದು. ಹಿಂದೂ ಹೆಣ್ಣುಮಕ್ಕಳು ಎಲ್ಲ ಸೇರಿ 60. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಆಮೇಲೆ ಓಲೆಗರಿ, ಕಡತ. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಒಣಗಿಸಿ ಮಡಿಸಿದ ಕಪ್ಪು ಹಾಳೆ. ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯಬಹುದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ. ಈಗಿನ ಆ್ಯಪ್‌ಗಳು ಬೇಗ ಉತ್ತರಿಸಿದವರಿಗೆ ನಕ್ಷತ್ರ ಕೊಡುವುದನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ. ಏಟು ಮಾತ್ರ ಇಲ್ಲ ಎಂಬುದು ಪ್ರಗತಿಯೇ.

ಕ್ಯಾಂಪ್‌ಬೆಲ್ ಬರೇ ಹೊಗಳಲಿಲ್ಲ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮ, ಖರ್ಚಿಲ್ಲದ ಬರವಣಿಗೆ ಇವನ್ನು ಮೆಚ್ಚಿದ. ಆದರೆ ಮಕ್ಕಳು ಓದುವ ಪದ್ಯಗಳ ಭಾಷೆ ಆಡುಮಾತಿನಿಂದ ಬಲು ದೂರ, ಅರ್ಥ ಹೇಳುವವರಿಲ್ಲ, ಗಿಳಿಪಾಠ ನಡೆದಿದೆ ಎಂದು ದೂರಿದ. ಸಾಧನ ಕೈಯಲ್ಲಿತ್ತು, ಅರ್ಥ ಇರಲಿಲ್ಲ. ಆ 60 ಎಂಬ ಸಂಖ್ಯೆಯನ್ನೂ ಮರೆಯುವಂತಿಲ್ಲ. ಹಳೆಯ ಶಾಲೆಯನ್ನು ಕೊಂಡಾಡುವವರು ಅದನ್ನು ಹೇಳದೆ ದಾಟಿಬಿಡುತ್ತಾರೆ.

ನಮ್ಮ ದಡದಲ್ಲಿ ಅರ್ಥದ ತೊಡಕು ಇನ್ನೂ ದೊಡ್ಡದು. ಹೈದರಾಬಾದ್ ಸಂಸ್ಥಾನದ ಆಡಳಿತ ಉರ್ದುವಿನಲ್ಲಿ, ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದ್ದು. ಮನೆಯಲ್ಲಿ ಕನ್ನಡ ಆಡಿಕೊಂಡ ಹುಡುಗ ಗಣಿತವನ್ನೂ ಭೂಗೋಳವನ್ನೂ ಇನ್ನೊಂದು ಭಾಷೆಯಲ್ಲಿ ಕಲಿಯುತ್ತಿದ್ದ. ಐಗಳ ಮಠದ ಕಟ್ಟೆಯಲ್ಲಿ ಧೂಳಕ್ಷರ ತಿದ್ದಿ ಅಷ್ಟಕ್ಕೇ ನಿಲ್ಲಿಸಿದವರೇ ಹೆಚ್ಚು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಮುಗಿಯಿತು, 1956ರಲ್ಲಿ ನಾವು ಕನ್ನಡನಾಡಿಗೆ ಸೇರಿದೆವು. ಅಲ್ಲಿಂದ ಹತ್ತೊಂಬತ್ತೇ ವರ್ಷಕ್ಕೆ ಆಕಾಶದಿಂದ ಟೀವಿ ಇಳಿಯಿತು. ಗ್ರಂಥಾಲಯ ನೋಡದ ಊರುಗಳು ಟೀವಿ ನೋಡಿದವು. ಈ ಕ್ರಮವನ್ನು ಗಮನಿಸಬೇಕು.

ಅದರ ಹೆಸರು ‘ಸೈಟ್’, ಉಪಗ್ರಹದ ಮೂಲಕ ಟೀವಿ ಶಿಕ್ಷಣದ ಪ್ರಯೋಗ. ವಿಕ್ರಮ್ ಸಾರಾಭಾಯಿ ಕಂಡ ಕನಸು. ಭಾರತದ ಅಣುಶಕ್ತಿ ಇಲಾಖೆಗೂ ನಾಸಾಕ್ಕೂ 1969ರಲ್ಲಿ ಒಪ್ಪಂದವಾಯಿತು. ಸಾರಾಭಾಯಿ 1971ರಲ್ಲಿ ತೀರಿಕೊಂಡರು. ನಾಸಾ 1974ರ ಮೇ ತಿಂಗಳಲ್ಲಿ ಹಾರಿಸಿದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ತನ್ನ ಕಡೆ ಬಳಸಿ, ಆಮೇಲೆ ಪೂರ್ವಕ್ಕೆ ಸರಿಸಿ ಆಫ್ರಿಕಾದ ನೆತ್ತಿಯ ಮೇಲೆ ನಿಲ್ಲಿಸಿತು. ಅಲ್ಲಿಂದ ಅದರ ನೋಟ ನಮ್ಮ ಮೇಲೆ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದೊಂದು ಟೀವಿ. ದೊಡ್ಡ ದೊಡ್ಡ ಗೋಪುರಗಳಿಲ್ಲ, ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ, ಮೂರು ಮೀಟರ್ ಅಗಲದ ಕೊಡೆಯನ್ನು ಶಾಲೆಯ ಬಳಿಯೋ ಪಂಚಾಯ್ತಿ ಕಟ್ಟಡದ ಬಳಿಯೋ ನಿಲ್ಲಿಸಿದರು. ಸೆಟ್ಟುಗಳನ್ನು ಹೈದರಾಬಾದಿನ ಇಸಿಐಎಲ್ ತಯಾರಿಸಿತು. ಕನ್ನಡದ ಕಾರ್ಯಕ್ರಮಗಳು ತಯಾರಾದದ್ದೂ ಹೈದರಾಬಾದಿನಲ್ಲೇ. ನಿಜಾಮ ಹೋಗಿ ಇಪ್ಪತ್ತೇಳು ವರ್ಷವಾದ ಮೇಲೂ ರಾಯಚೂರಿನ ಹುಡುಗರಿಗೆ ಪಾಠ ಹೈದರಾಬಾದಿನಿಂದಲೇ ಬರಬೇಕಾಯಿತು. ಈ ಸಲ ಕನ್ನಡದಲ್ಲಿ ಬಂತು ಎಂಬುದಷ್ಟೇ ವ್ಯತ್ಯಾಸ. ಸಣ್ಣ ವ್ಯತ್ಯಾಸವೇನಲ್ಲ.

ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷ. ನಾಲ್ಕು ಭಾಷೆಗಳಿಗೆ ಒಂದೂವರೆ ಗಂಟೆ ಹಂಚಿದರೆ ಒಂದೊಂದರ ಪಾಲಿಗೆ ಬರುವುದು ಅಷ್ಟೇ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ; ಜೊತೆಗೆ ದೆಹಲಿಯಿಂದ ಅರ್ಧ ಗಂಟೆ ಹಿಂದಿಯಲ್ಲಿ ರಾಷ್ಟ್ರೀಯ ಕಾರ್ಯಕ್ರಮ. ತುರ್ತುಪರಿಸ್ಥಿತಿಯ ಕಾಲವದು. ಪ್ರಯೋಗ ಶುರುವಾಗುವ ಹೊತ್ತಿಗೆ ಅದು ಜಾರಿಯಾಗಿ ತಿಂಗಳಾಗಿತ್ತು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಹಳ್ಳಿಯವನು ದೆಹಲಿಯ ಮಾತನ್ನು ಕೇಳಬಹುದಿತ್ತು, ದೆಹಲಿಗೆ ಹಳ್ಳಿಯವನ ಮಾತು ಕೇಳಿಸುವ ವ್ಯವಸ್ಥೆ ಆ ಕೊಡೆಯಲ್ಲಿ ಇರಲಿಲ್ಲ.

ಆದರೂ ಸೈಟನ್ನು ನಾನು ಗೌರವದಿಂದ ನೋಡುತ್ತೇನೆ. ಕಾರಣ ಅದರ ಯಂತ್ರವಲ್ಲ. ತಾನು ಮಾಡಿದ್ದರಿಂದ ಏನಾಯಿತು ಎಂದು ಪ್ರಾಮಾಣಿಕವಾಗಿ ಕೇಳಿಕೊಂಡ ಪ್ರಯೋಗ ಅದು. ಸಂಶೋಧಕರು ಹಳ್ಳಿಗಳಲ್ಲೇ ಮನೆ ಮಾಡಿಕೊಂಡು ಕೂತರು, ಯಾರು ನೋಡಿದರು, ಎಷ್ಟು ದಿನ ನೋಡಿದರು, ಯಾರು ಹೊರಗೆ ನಿಂತು ನೋಡಿದರು ಎಂದು ಬರೆದುಕೊಂಡರು. ಮೊದಮೊದಲು ಊರಿಗೆ ಊರೇ ನೆರೆಯಿತು, ಆಮೇಲೆ ಗುಂಪು ಇಳಿಯಿತು. ಮಕ್ಕಳ ಮಾತು, ಕುತೂಹಲ ಬೆಳೆದದ್ದು ಕಂಡಿತು. ಶಾಲೆಯ ಪರೀಕ್ಷೆಯ ಅಂಕಗಳಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಸೋಲು ಎಂದವರಿದ್ದಾರೆ. ಇಪ್ಪತ್ತೆರಡೂವರೆ ನಿಮಿಷ ನೋಡಿದ್ದರಿಂದ ಲೆಕ್ಕದಲ್ಲಿ ಅಂಕ ಏರಬೇಕೆಂದು ಕೇಳಿದವರದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಆ ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಭಾಗದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ರಜೆಯ ದಿನಗಳಲ್ಲಿ ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇದೇ ಉಪಗ್ರಹದ ಮೂಲಕ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ಬರೇ ಟೀವಿ ಅಲ್ಲ. ಟೀವಿಯ ಜೊತೆ ರೇಡಿಯೊ, ಅಚ್ಚಿನ ಪಠ್ಯ, ಕೈಯಾರೆ ಮಾಡುವ ಪ್ರಯೋಗ, ಆಮೇಲೆ ಕೂತು ಚರ್ಚೆ. ಪರದೆ ಆರಿದ ಮೇಲೂ ಕೆಲಸ ಉಳಿಯುವ ಹಾಗೆ ಅದನ್ನು ಜೋಡಿಸಿದ್ದರು. ಮಕ್ಕಳ ಕಾರ್ಯಕ್ರಮದಲ್ಲಿ ಈ ಜೋಡಣೆ ಪೂರ್ತಿ ಶಿಕ್ಷಕನ ಮೇಲೆ ಬಿಟ್ಟ ವಿಷಯ. ಗುಂಡಿ ಒತ್ತುವವನೂ ಅವನೇ, ಆರಿಸಿದ ಮೇಲೆ “ಏನು ನೋಡಿದಿರಿ?” ಎಂದು ಕೇಳಬೇಕಾದವನೂ ಅವನೇ. ಕೇಳಿದ ಕಡೆ ಪಾಠವಾಗುತ್ತದೆ, ಕೇಳದ ಕಡೆ ತಮಾಷೆ.

1976ರ ಜುಲೈ 31ಕ್ಕೆ ಎಲ್ಲ ಮುಗಿಯಿತು. ಉಪಗ್ರಹ ಎರವಲು ತಂದದ್ದು, ಅದು ವಾಪಸು ಹೋಯಿತು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತಾದರೂ ಅದರ ಅಲೆ ಮುಟ್ಟುವಷ್ಟೇ ದೂರ ಮುಟ್ಟಿತು. ಅದರಾಚೆಯ ಊರುಗಳಲ್ಲಿ ತಂತಿಜಾಲರಿಯ ಕೊಡೆ ಸುಮ್ಮನೆ ಆಕಾಶ ನೋಡುತ್ತ ನಿಂತಿತು.

ನಂತರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 2001ರಲ್ಲಿ ಕರ್ನಾಟಕ ಸರ್ಕಾರ ‘ಮಾಹಿತಿ ಸಿಂಧು’ ಎಂಬ ಹೆಸರಿನಲ್ಲಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಕಲಿಸಲು ಹೊರಗಿನ ಸಂಸ್ಥೆಗಳ ಬೋಧಕರು ಗುತ್ತಿಗೆಯ ಮೇಲೆ ಬಂದರು. ಗುತ್ತಿಗೆಗೆ ಅವಧಿ ಇರುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಮೂರು ಬೀಗ ಇದ್ದವು, ಕೀಲಿ ಇದ್ದವರು ವರ್ಗವಾಗಿ ಹೋಗಿದ್ದರು. 2004ರಲ್ಲಿ ಭಾರತದ್ದೇ ಆದ ಎಜುಸ್ಯಾಟ್ ಉಪಗ್ರಹ ಹಾರಿತು, ಅದರ ಪ್ರಾಥಮಿಕ ಶಾಲೆಯ ಪ್ರಯೋಗ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಶಾಲೆಗಳಲ್ಲಿ ನಡೆಯಿತು. ಆಮೇಲೆ ಬಂದದ್ದು ಕೊರೋನಾ.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದವು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೇ ತರಗತಿಯವರಿಗೆ ‘ಸಂವೇದ’ ಪಾಠಗಳು. ಆಗಸ್ಟಿನಲ್ಲಿ ‘ವಿದ್ಯಾಗಮ’. ಶಿಕ್ಷಕರು ಊರೊಳಗೇ ಹೋಗಿ ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನ ಸಿಕ್ಕಲ್ಲಿ ಪಾಠ ಮಾಡಬೇಕು. ಅದಕ್ಕಾಗಿ ಮಕ್ಕಳನ್ನು ಮೂರು ಪಂಗಡ ಮಾಡಿದೆವು: ಯಾವ ಸಾಧನವೂ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನು ಇರುವವರು, ಇಂಟರ್ನೆಟ್ ಇರುವ ಫೋನಿನವರು. ‘ಡಿಜಿಟಲ್ ಪೀಳಿಗೆ’ ಎಂಬ ಒಂದು ಮಾತು ಆ ಪಟ್ಟಿ ಬರೆಯುವಾಗ ನನ್ನ ಕಣ್ಣೆದುರೇ ಮೂರು ತುಂಡಾಯಿತು. ಮೂರನೆಯ ಪಂಗಡದಲ್ಲಿ ಹೆಸರು ಬರೆಸಿದ ಹುಡುಗಿಯರಲ್ಲಿ ಹಲವರ ಫೋನು ಅಣ್ಣನ ಕೈಯಲ್ಲಿತ್ತು. ಬೆಳಿಗ್ಗೆ ಅವರು ಭತ್ತದ ಗದ್ದೆಯಲ್ಲಿ, ಸಂಜೆ ಫೋನು ಅಣ್ಣನ ಜೊತೆ ಹೊರಗೆ. 1823ರ ಆ 60 ಹೆಣ್ಣುಮಕ್ಕಳು ನನಗೆ ನೆನಪಾದದ್ದು ಆಗಲೇ. ಕಟ್ಟೆಯ ಮೇಲೆ ಸಣ್ಣ ಮಕ್ಕಳು ಮಣ್ಣಿನಲ್ಲಿ ಅಕ್ಷರ ತಿದ್ದುತ್ತಿದ್ದರು, ಐಗಳ ಕಾಲದ ಹಾಗೆ. ನೋಡಲು ಚೆಂದ ಎಂದು ಫೋಟೊ ತೆಗೆದವರಿದ್ದರು. ನನಗೆ ಚೆಂದ ಅನಿಸಲಿಲ್ಲ.

ಈಗ ಫೋನು ಆಗಿನಷ್ಟು ಅಪರೂಪವಲ್ಲ. ಹಾಗಾದರೆ ಮಕ್ಕಳು ಅದರಲ್ಲಿ ಏನು ಬಲ್ಲರು? ತಟ್ಟುವುದು, ಸರಿಸುವುದು, ಹಂಚುವುದು, ಇವುಗಳಲ್ಲಿ ನನಗಿಂತ ಚುರುಕು. ಹುಡುಕಬೇಕಾದರೆ ಬರೆಯುವುದಿಲ್ಲ, ಮೈಕಿನ ಗುರುತು ಒತ್ತಿ ಮಾತಾಡುತ್ತಾರೆ. ಗೆಳೆಯರಿಗೆ ಕಳಿಸುವುದು ಧ್ವನಿ ಸಂದೇಶ. ಬರೆದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಅಂದರೆ ಕೈಯಲ್ಲಿರುವುದು ಕಡತದ ಹಾಗೆ ಬರೆಯಬಹುದಾದ ಸಾಧನ, ಬಳಸುತ್ತಿರುವುದು ಸೈಟಿನ ಟೀವಿಯ ಹಾಗೆ, ನೋಡಲಿಕ್ಕೆ. ಇದು ಅವರ ತಪ್ಪಲ್ಲ. ಫೋನನ್ನು ಮಾಡಿದವರಿಗೂ ನೋಡುವವನೇ ಬೇಕು.

ಹಾಗಾಗಿ ವಾರಕ್ಕೊಂದು ತರಗತಿಯಲ್ಲಿ ಫೋನಿನಲ್ಲಿ ಕನ್ನಡ ಬರೆಸುತ್ತೇನೆ, ನನ್ನದೊಂದು, ಸಹೋದ್ಯೋಗಿಯದೊಂದು. ಒಂಬತ್ತನೆಯ ತರಗತಿಗೆ ಬಂದರೂ ಒತ್ತಕ್ಷರ ತಪ್ಪುವ ಮಕ್ಕಳಿದ್ದಾರೆ. ಕಾಪಿ ಬರೆಸಿದರೆ ತಿದ್ದಿಕೊಳ್ಳುವುದಿಲ್ಲ, ಆಕಾರ ನೋಡಿ ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಾರೆ. ಕೀಲಿಮಣೆಯಲ್ಲಿ ಹಾಗೆ ನಡೆಯುವುದಿಲ್ಲ. ‘ಸ್ತ್ರೀ’ ಎಂದು ಬರೆಯಬೇಕಾದರೆ ಅದರೊಳಗೆ ಸ, ತ, ರ ಇವೆ, ನಡುವೆ ಸ್ವರ ಇಲ್ಲ, ಕೊನೆಗೆ ಈ ಇದೆ ಎಂದು ಗೊತ್ತಿರಬೇಕು. ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆ ಜೋಡಿಸಿದಾಗ ಹಿಡಿದ ತತ್ವ ಇದೇ: ಕಾಗುಣಿತ, ಒತ್ತಕ್ಷರಗಳಿಗೆ ಬೇರೆ ಬೇರೆ ಕೀಲಿ ಬೇಡ, ಮೂಲಾಕ್ಷರಗಳಿಂದಲೇ ಯಂತ್ರ ಕೂಡಿಸಿಕೊಳ್ಳಲಿ. ಅಕ್ಷರವನ್ನು ಬಿಚ್ಚಿ ನೋಡುವ ಈ ಕೆಲಸ ಮಕ್ಕಳಿಗೆ ಆಟವಾಗುತ್ತದೆ. ‘ರಾಷ್ಟ್ರ’ವನ್ನು ಯಾರು ಮೊದಲು ಬಿಚ್ಚುತ್ತೀರಿ ಎಂದರೆ ಕೊನೆಯ ಸಾಲಿನವರೂ ಎದ್ದು ಬರುತ್ತಾರೆ. ಪರದೆಯ ಮೇಲೆ ಮರಳು ಮತ್ತೆ ಸಿಕ್ಕಿದಂತೆ.

ಆದರೆ ನನ್ನ ವಿಷಯ ಇತಿಹಾಸ, ಅಲ್ಲಿಯ ತೊಡಕೇ ಬೇರೆ. ಹಳೆಯ ಮಕ್ಕಳು ಏನೂ ಗೊತ್ತಿಲ್ಲದೆ ಬರುತ್ತಿದ್ದರು. ಇವರು ತುಂಬ ಗೊತ್ತಿದ್ದು ಬರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಯ ವಿಡಿಯೊಗಳು, ಯಾರೋ ಅಬ್ಬರದ ಸಂಗೀತ ಹಾಕಿ ಹೇಳಿದ ‘ಮುಚ್ಚಿಟ್ಟ ಇತಿಹಾಸ’, ಎಲ್ಲಕ್ಕೂ ಒಂದೇ ದನಿ, ಒಂದೇ ಖಚಿತತೆ. ಅಶೋಕನ ಪಾಠದ ದಿನ ಒಬ್ಬ ಹುಡುಗ ನನಗಿಂತ ಮೊದಲೇ ಹೇಳಿದ: “ಸರ, ಅಶೋಕನ ಹೆಸರಿರೋ ಶಾಸನ ಇಡೀ ದೇಶದಾಗ ಮಸ್ಕಿದೊಂದರಿ. ವಿಡಿಯೊದಾಗ ಹೇಳ್ಯಾರ.” ಮಸ್ಕಿ ನಮ್ಮ ಮಗ್ಗುಲ ಊರು. ಹೆಮ್ಮೆಯಿಂದ ಹೇಳಿದ, ನನಗೂ ಒಂದು ಕ್ಷಣ ಹೌದೆನ್ನುವ ಆಸೆಯಾಯಿತು. “ನೋಡೇ ಬಿಡೋಣ” ಎಂದೆ.

ಒಂದು ಶನಿವಾರ ಟಂಟಂ ಮಾಡಿಕೊಂಡು ಹೋದೆವು. ಹೋಗುವ ಮುಂಚೆ ಬ್ರಾಹ್ಮಿಯ ಹತ್ತು ಅಕ್ಷರ ಫೋನಿನಲ್ಲಿ ನೋಡಿಕೊಂಡು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದರು. ಬಂಡೆಯ ಮುಂದೆ ಮೊದಲು ಎಲ್ಲರೂ ಫೋಟೊ ತೆಗೆಸಿಕೊಂಡರು, ಅದನ್ನು ತಡೆಯಲಿಲ್ಲ. ಆಮೇಲೆ ಫೋನು ಚೀಲಕ್ಕೆ. ಸವೆದ ಕಲ್ಲಿನಲ್ಲಿ ಅಕ್ಷರ ಹುಡುಕುವುದು ಸುಲಭವಲ್ಲ, ಕಣ್ಣು ಅದಕ್ಕೆ ಪಳಗಬೇಕು. ತುಸು ಹೊತ್ತಿಗೆ ಒಬ್ಬಳು ಕೂಗಿದಳು: “ಸರ, ಇಲ್ಲೊಂದು ಕೂಡಿಸೋ ಗುರ್ತು ಐತ್ರಿ!” ಬ್ರಾಹ್ಮಿಯ ‘ಕ’ ಇರುವುದು ಹಾಗೇ, ಗಣಿತದ ಕೂಡಿಸುವ ಚಿಹ್ನೆಯಂತೆ. ಅದರ ಹಿಂದೆ ಮುಂದೆ ಹುಡುಕಿ ಅ, ಸೋ, ಕ, ಸ ಎಂದು ಕೂಡಿಸುವ ಹೊತ್ತಿಗೆ ಅರ್ಧ ಗಂಟೆ ಹೋಗಿತ್ತು. ನಾಲ್ಕು ಅಕ್ಷರಕ್ಕೆ ಅರ್ಧ ಗಂಟೆ. ಇವರು ಒಂದು ವಿಡಿಯೊದ ಮೇಲೆ ಇಪ್ಪತ್ತು ಸೆಕೆಂಡು ನಿಲ್ಲದವರು ಎಂದು ತರಬೇತಿಯಲ್ಲಿ ಹೇಳಿದ್ದರು.

ಅಲ್ಲೇ ಕೂತು ಕಥೆ ಹೇಳಿದೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕ ಹೆಸರು ‘ದೇವಾನಾಂಪಿಯ ಪಿಯದಸಿ’. ಯಾರಿವನು? ಸಿಂಹಳದ ರಾಜನಿರಬೇಕು ಎಂದುಕೊಂಡ ಪ್ರಿನ್ಸೆಪ್. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥವೊಂದನ್ನು ನೋಡಿ, ಪಿಯದಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕ ಎಂದು ತಿಳಿಸಿದ. ಪ್ರಿನ್ಸೆಪ್ ತನ್ನ ಮಾತು ಹಿಂತೆಗೆದುಕೊಂಡ. ಆದರೂ ಅದು ಗ್ರಂಥದ ಸಾಕ್ಷಿ, ಕಲ್ಲಿನ ಸಾಕ್ಷಿ ಬಾಕಿ ಇತ್ತು. 78 ವರ್ಷ ಬಿಟ್ಟು, 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಈ ಬಂಡೆಯನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಓದಿದರು, ಕಲ್ಲಿನ ಮೇಲೆ ‘ಅಸೋಕಸ’ ಎಂದಿತ್ತು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪ್ರಕಟಣೆಯೇ ಇದು.

“ಅಂದ್ರ ವಿಡಿಯೊ ಖರೇನ ಹೇಳೇತಿ?” ಎಂದ ಹುಡುಗ. 1915ರಲ್ಲಿ ಹೇಳಿದ್ದರೆ ಖರೆ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ ಹೆಸರು ಸಿಕ್ಕಿತು. ಇನ್ನೂ ಆಮೇಲೆ, ತುಂಗಭದ್ರೆಯ ಆಚೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಂಗಳಲ್ಲೂ ಸಿಕ್ಕಿತು. ಮಸ್ಕಿ ಮೊದಲನೆಯದು, ಏಕೈಕ ಅಲ್ಲ. ಹುಡುಗನ ಮುಖ ಸಣ್ಣದಾಯಿತು. ಹೆಮ್ಮೆ ಕಡಿಮೆಯಾದರೆ ಹಾಗೇ.

ಇನ್ನೊಬ್ಬಳ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಈ ಕಲ್ಲಿನ ಭಾಷೆ ಪ್ರಾಕೃತ ಅಂತೀರಲ್ಲ, ಆಗಿನ ಮಸ್ಕಿ ಮಂದಿಗೆ ಇದು ತಿಳೀತಿತ್ತೇನು? ಇಲ್ಲಿಯ ಜನರ ಮನೆಮಾತು ಪ್ರಾಕೃತವಾಗಿರಲಾರದು, ಓದು ಬಲ್ಲವರೂ ಬೆರಳೆಣಿಕೆಯಷ್ಟು. ಯಾರಾದರೂ ನಿಂತು ಓದಿ, ಇಲ್ಲಿಯ ಮಾತಿನಲ್ಲಿ ಬಿಡಿಸಿ ಹೇಳಿರಬೇಕು. ಇದೇ ಶಾಸನದ ಎರ್ರಗುಡಿಯ ಪಾಠದಲ್ಲಿ ರಾಜ ತನ್ನ ಅಧಿಕಾರಿಗಳಿಗೆ ಹೇಳುತ್ತಾನೆ: ಆನೆ ನಡೆಸುವವರು, ಬರವಣಿಗೆಯವರು, ರಥದ ಕುದುರೆ ಪಳಗಿಸುವವರು ತಮ್ಮ ತಮ್ಮ ಶಿಷ್ಯರಿಗೆ ಇದನ್ನು ಕಲಿಸಲಿ. ಮಸ್ಕಿಯ ಕಲ್ಲೂ ಹೇಳುವುದು, ಇದು ದೊಡ್ಡವರಿಗಷ್ಟೇ ಸಿಗುವುದಲ್ಲ, ಸಣ್ಣವರಿಗೂ ಸಿಗುತ್ತದೆ ಎಂದು. ಪಾಟಲಿಪುತ್ರದ ಮಾತು ಕಲ್ಲಿನ ಮೇಲೆ ಬಂತು, ದೆಹಲಿಯ ಮಾತು ತಂತಿಜಾಲರಿಯ ಕೊಡೆಗೆ ಬಂತು, ಈಗಿನದು ಎಲ್ಲಿಂದ ಬರುತ್ತದೋ ತಿಳಿಯದ ಹಾಗೆ ಅಂಗೈಗೆ ಬರುತ್ತದೆ. ಬಿಡಿಸಿ ಹೇಳುವವನ ಕೂಲಿ ಮಾತ್ರ ಆವತ್ತಿನಿಂದ ಹಾಗೇ ಇದೆ ಎಂದು ನಕ್ಕೆ. ಮಕ್ಕಳಿಗೆ ಅದು ಅರ್ಥವಾಗಲಿಲ್ಲ.

ಸೋಮವಾರ ಆ ವಿಡಿಯೊದ ಕೆಳಗೆ ಬರೆಯೋಣ ಎಂದು ಅವರೇ ಹಟ ಹಿಡಿದರು. ಮೈಕು ಬೇಡ, ಬರವಣಿಗೆ. ಇಂಗ್ಲಿಷ್ ಅಕ್ಷರ ಬೇಡ, ಕನ್ನಡ. ‘ಗುಜರ್ರಾ’ ಬರೆಯಲು ನಾಲ್ವರು ಸೋತರು, ಐದನೆಯವಳು ಗೆದ್ದಳು. ಮೂರು ಸಾಲು ಬರೆದರು: ಮಸ್ಕಿ ಮೊದಲನೆಯದು, ಇನ್ನೂ ಮೂರು ಇವೆ, ನಾವು ಮಸ್ಕಿಗೆ ಹೋಗಿ ಓದಿ ಬಂದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ದಿನವೂ ನನ್ನ ಫೋನು ಇಸಿದುಕೊಂಡು ನೋಡುತ್ತಾರೆ.

ಮುಖ ಸಣ್ಣ ಮಾಡಿದ್ದ ಹುಡುಗ ಈಗ ಬೇರೆ ಗುಂಗಿನಲ್ಲಿದ್ದಾನೆ. ನಿಟ್ಟೂರಿನ ಕಲ್ಲಿನಲ್ಲೂ ಆ ಕೂಡಿಸುವ ಗುರುತು ಇದೆಯೋ ಇಲ್ಲವೋ ನೋಡಬೇಕಂತೆ. ಸಿಂಧನೂರಿಗೆ ಹೋಗಿ ಸಿರುಗುಪ್ಪದ ಬಸ್ಸು ಹತ್ತಬೇಕು, ನದಿ ದಾಟಬೇಕು, ಜಿಲ್ಲೆ ಬಿಟ್ಟು ಹೋಗುವುದರಿಂದ ಒಪ್ಪಿಗೆಯ ಪತ್ರ ಬೇಕು. ಭತ್ತದ ಕೊಯ್ಲು ಶುರುವಾಗುವ ಮುಂಚೆ ಹೋದರೆ ಎಲ್ಲರೂ ಸಿಗುತ್ತಾರೆ. ಅರ್ಜಿ ಬರೆದಿಟ್ಟಿದ್ದೇನೆ.